ಹಿಚುಕಿದ ಅಗುಳು

ಪ್ರಶ್ನೆ ಬರುವುದಕ್ಕೆ ಒಂದು ವಾರ ಇದೆ ಅನ್ನುವಾಗ ಹತ್ತಿ ಚಾಳದ ಜನ ದಾನೇಶ್ವರಿಯನ್ನು ಪ್ರೀತಿಸಲು ಶುರುಮಾಡಿದರು.

ಶುರುಮಾಡಿದರು ಅಂದರೆ ಹಾಗೇ ಸುಮ್ಮನೆ ಅಲ್ಲ. ಸಭೆ ಕರೆದು, ಠರಾವು ಪಾಸು ಮಾಡಿ, ಯಾರು ಯಾವತ್ತು ಪ್ರೀತಿಸಬೇಕು ಅಂತ ಪಾಳಿ ಹಚ್ಚಿಕೊಂಡು ಶುರುಮಾಡಿದರು. ಮೊದಲ ಪಾಳಿ ಸಾವಂತ್ರೆವ್ವನದು. ಬೆಳಿಗ್ಗೆ ದಾನೇಶ್ವರಿ ಬಾಗಿಲು ತೆಗೆದರೆ ಮುದುಕಿ ಹೊಸ್ತಿಲ ಮೇಲೇ ಕೂತಿದ್ದಳು. ತೊಡೆಯ ಮೇಲೆ ತಾಟು, ತಾಟಿನ ತುಂಬ ಹೋಳಿಗೆ. ಹೋದ ವರ್ಷ ಇದೇ ಸಾವಂತ್ರೆವ್ವ ನಲ್ಲಿಯ ಮುಂದೆ ಇವಳ ಕೊಡವನ್ನು ಕಾಲಿನಿಂದ ಒದ್ದು ಹಿಂದಕ್ಕೆ ಸರಿಸಿದ್ದಳು.

"ತಿನ್ನವ್ವಾ ನನ ಬಂಗಾರಾ. ತುಪ್ಪ ಸುರದೀನಿ."

"ಬ್ಯಾಡ್ರಿ ಆಯಿ. ಹೊಟ್ಟಿ ತುಂಬೈತಿ."

"ಬ್ಯಾಡ ಅನಬ್ಯಾಡ. ಒಂದು ತುತ್ತು ತಿನ್ನು. ತಿಂದು, ಹಂಗ ಒಮ್ಮಿ ಕೈ ತೋರಸು."

ಓಹೋ, ಇದಕ್ಕೋ! ದಾನೇಶ್ವರಿ ಎಡಗೈಯನ್ನು ಮುದುಕಿಯ ಮೂಗಿನ ಹತ್ತಿರವೇ ಹಿಡಿದಳು. ಬಳೆಯ ಮಣಿ ಕೆಂಡದ ಹಾಗೆ ಕೆಂಪಗಿತ್ತು.

"ಇಷ್ಟು ತುಪ್ಪ ಸುರದ್ರೂ ಕೆಂಪs ಐತೆಲ್ಲ! ಎಂಥಾ ಕಲ್ಲ ಎದಿನ ತಾಯಿ ನಿಂದು!" ಸಾವಂತ್ರೆವ್ವ ತಾಟನ್ನು ಹೊಸ್ತಿಲಿಗೆ ಕುಕ್ಕಿ, ಸೆರಗು ಕೊಡವಿ, ಪಾಳಿ ಮುಗಿಸಿ ಹೋದಳು.

ಈ ಬಳೆಯ ಕಥೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹಿಂದೆ ಸರಕಾರದವರು ಮನೆಮನೆಗೆ ಜನ ಕಳಿಸಿ ಪ್ರಶ್ನೆ ಕೇಳಿಸುತ್ತಿದ್ದರು. ನೀರು ಬರುತ್ತದೆಯೇ, ದವಾಖಾನೆ ಹತ್ತಿರ ಇದೆಯೇ, ನೆರೆಯವರನ್ನು ನಂಬುತ್ತೀರೇ. ಜನ ಏನು ಕಡಿಮೆಯೇ? ಏನಾದರೂ ಕೊಡುತ್ತಾರೆ ಅನ್ನಿಸಿದರೆ ಬಡತನ ತೋಡಿಕೊಂಡರು, ತೆರಿಗೆಯ ವಾಸನೆ ಬಡಿದರೆ ಬಾಯಿ ಹೊಲಿದುಕೊಂಡರು. ಆಗ ಧಾರವಾಡದ ಜನಮಾಪನ ಕೇಂದ್ರದವರು ಬಳೆ ಮಾಡಿದರು. ಬಾಯಿ ಏನೇ ಹೇಳಲಿ, ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ಮೈ ತನ್ನ ಉತ್ತರ ಕೊಟ್ಟುಬಿಡುತ್ತದೆ. ಅಂಗೈ ಬೆವರುತ್ತದೆ, ನಾಡಿ ಓಡುತ್ತದೆ, ಚರ್ಮ ಬಿಗಿಯುತ್ತದೆ. ಬಳೆ ಅದನ್ನು ಓದಿ ಕೇಂದ್ರಕ್ಕೆ ಕಳಿಸುತ್ತದೆ. ಒಪ್ಪಿದರೆ ಮಣಿ ಹಸಿರು, ಒಪ್ಪದಿದ್ದರೆ ಕೆಂಪು. ಪ್ರಶ್ನೆ ಇಲ್ಲದ ದಿನವೂ ಮಣಿ ಮನಸ್ಸು ಇದ್ದ ಹಾಗೆ ಬಣ್ಣ ತೋರಿಸುತ್ತಲೇ ಇರುತ್ತದೆ. ಒಂದು ನಿಜವಾದ ಉತ್ತರ ಸಿಕ್ಕರೆ ಸಾವಿರ ಸುಳ್ಳು ಉತ್ತರ ಯಾಕೆ ಬೇಕು ಅಂದರು. ಅದಕ್ಕೇ ವಾರ್ಡಿಗೆ ಒಂದೇ ಬಳೆ. ಆ ಒಬ್ಬರ ಉತ್ತರವೇ ವಾರ್ಡಿನ ಹನ್ನೊಂದು ಸಾವಿರ ಜನರ ಉತ್ತರ.

ಚೀಟಿ ಎತ್ತಿದಾಗ ಬಂದದ್ದು ದಾನೇಶ್ವರಿಯ ಅಪ್ಪನ ಮನೆ. ಮನೆಯೊಳಗೆ ಯಾರ ಹುಟ್ಟಿದ ದಿನ ಮೊದಲು ಬರುತ್ತದೋ ಅವರ ಕೈಗೆ ಬಳೆ ಅನ್ನುವುದು ನಿಯಮ. ಬಳೆ ಹಾಕುವವರು ಬಂದದ್ದು ಮೇ ತಿಂಗಳ ಕೊನೆಗೆ. ದಾನೇಶ್ವರಿ ಹುಟ್ಟಿದ್ದು ಬನದ ಹುಣ್ಣಿಮೆಯ ಚಳಿಯಲ್ಲಿ. ಆದರೆ ಶಾಲೆಗೆ ಹಚ್ಚುವಾಗ ಮಾಸ್ತರರು ತಾರೀಖು ಕೇಳಿದರೆ ಅಪ್ಪ ತಲೆ ಕೆರೆದುಕೊಂಡಿದ್ದ, ಮಾಸ್ತರರು ಜೂನ್ ಒಂದು ಅಂತ ಬರೆದುಕೊಂಡಿದ್ದರು. ನಮ್ಮ ಕಡೆ ಅರ್ಧ ಊರು ಜೂನ್ ಒಂದಕ್ಕೇ ಹುಟ್ಟಿದೆ, ಅದೇನು ಹೊಸದಲ್ಲ. ಅಣ್ಣ ಬಸಲಿಂಗ ದವಾಖಾನೆಯಲ್ಲಿ ಹುಟ್ಟಿದವನು, ಅವನ ತಾರೀಖು ಖರೆ, ಜುಲೈ. ಹೀಗಾಗಿ ಹದಿನಾಲ್ಕರ ಹುಡುಗಿಯ ಕೈಗೆ ಬಳೆ ಬಿತ್ತು. ಈಗ ಅವಳಿಗೆ ಇಪ್ಪತ್ತೊಂಬತ್ತು.

ಹೋದ ವರ್ಷದ ದೊಡ್ಡ ಪ್ರಶ್ನೆಗೆ ಮಣಿ ಕೆಂಪಾಯಿತು. ನೆರೆಯವರನ್ನು ನಂಬುತ್ತೀರಾ ಅನ್ನುವುದೇ ಆ ಪ್ರಶ್ನೆ. ಹನ್ನೊಂದು ಸಾವಿರ ಜನ ಒಬ್ಬರನ್ನೊಬ್ಬರು ನಂಬುವುದಿಲ್ಲ ಅಂತ ಕೇಂದ್ರ ಲೆಕ್ಕ ಹಾಕಿತು. ಚಾಳಕ್ಕೆ ಬರಬೇಕಿದ್ದ ಹೆರಿಗೆ ಆಸ್ಪತ್ರೆ ಬೇರೆ ವಾರ್ಡಿಗೆ ಹೋಯಿತು, ಅದರ ಜಾಗದಲ್ಲಿ ಪೊಲೀಸ್ ಚೌಕಿ ಬಂತು. ಅವತ್ತಿನಿಂದ ಚಾಳದ ಹೆಂಗಸರು ಇವಳನ್ನು ಕಂಡರೆ ನೆಲಕ್ಕೆ ಉಗುಳುತ್ತಿದ್ದರು. ನಂಬಬೇಕಂತೆ! ಉಗುಳುವ ಬಾಯನ್ನು ಯಾವ ಮೈ ನಂಬುತ್ತದೆ?

ಉಗುಳಿದ್ದನ್ನಾದರೂ ಅವಳು ತಡೆದುಕೊಂಡಾಳು. ತಡೆಯಲಾರದ್ದು ಇನ್ನೊಂದಿತ್ತು. ಅವಳ ಮದುವೆ ಆಗಗೊಡುತ್ತಿರಲಿಲ್ಲ. ಅವಳು ಗಂಡನ ಮನೆಗೆ ಹೋದರೆ ಬಳೆಯೂ ಹೋಗುತ್ತದೆ, ಚಾಳ ಯಾವ ಲೆಕ್ಕಕ್ಕೂ ಸಿಗುವುದಿಲ್ಲ, ಇದ್ದ ನೀರೂ ಬಸ್ಸೂ ಬಂದ್ ಆಗುತ್ತವೆ ಅಂತ ಚಾಳದ ನಂಬಿಕೆ. ಹೇಳಿದವನು ಅವಳ ಅಣ್ಣನೇ. ಅಪ್ಪ ಅವ್ವ ತೀರಿದ ಮೇಲೆ, ಬಳೆಯ ಮನೆಯವನು ಅಂತ ಬಸಲಿಂಗ ಕಮಿಟಿಯ ಅಧ್ಯಕ್ಷನಾಗಿದ್ದ, ಎಲ್ಲಿ ಹೋದರೂ ಅವನಿಗೆ ಕುರ್ಚಿ, ಚಹಾ. ನೋಡಲು ಬಂದ ಗಂಡಿನವರು ಬಸ್ ಸ್ಟಾಪಿನಲ್ಲಿ ಇಳಿಯುವುದೇ ತಡ, ಯಾರಾದರೊಬ್ಬರು ಎಲೆ ಅಡಿಕೆ ಜಗಿಯುತ್ತ ಹತ್ತಿರ ಬಂದು, "ಹುಡುಗಿ ಚೊಲೋನs ಅದಾಳ್ರಿ, ಆದ್ರ..." ಅಂತ ಶುರುಮಾಡುತ್ತಿದ್ದರು. ಆ 'ಆದ್ರ'ದಲ್ಲಿ ಎಷ್ಟು ಸಂಬಂಧ ಮುರಿದವೋ.

ಕೊನೆಯದಾಗಿ ಮುರಿದದ್ದು ಶಿವಪುತ್ರನದು. ಅವನು ಬಾಗಲಕೋಟೆಯವನು. ದಾನೇಶ್ವರಿ ಕೆಲಸ ಮಾಡುವ ಔಷಧಿ ಅಂಗಡಿಗೆ ಗಾಡಿಯಲ್ಲಿ ಮಾಲು ತರುತ್ತಿದ್ದ. ಎರಡು ವರ್ಷ ಡಬ್ಬಿ ಇಳಿಸುತ್ತ, ಸಹಿ ಹಾಕಿಸಿಕೊಳ್ಳುತ್ತ, ಅವಳು ಬೈದರೆ ನಗುತ್ತ ಮನಸ್ಸಿಗೆ ಬಂದಿದ್ದ. ಸಾವಂತ್ರೆವ್ವನ ಹೋಳಿಗೆಯ ಮರುದಿನ ಅವನು ಡಬ್ಬಿ ಇಳಿಸಲಿಲ್ಲ, ಕೌಂಟರಿನ ಮುಂದೆ ಬಂದು ನಿಂತ.

"ಅವ್ವ ನಿಮ್ಮ ಬಸ್ ಸ್ಟಾಪಿನಿಂದs ಹೊಳ್ಳಿ ಬಂದ್ಳು. ನಿನಗ ಫಿಟ್ಸ್ ಬರ್ತಾವಂತ."

"ಯಾರು ಹೇಳಿದ್ರು?"

"ಯಾವಾಕಿನೋ ಮುದುಕಿ. ನಾ ನಂಬಿಲ್ಲ ದಾನಿ. ಆದ್ರ ಅವ್ವ ನಂಬ್ಯಾಳ. ಇಳಕಲ್ಲಿನ್ಯಾಗ ಇನ್ನೊಂದು ಹುಡುಗಿ ನೋಡ್ಯಾಳ. ಶ್ರಾವಣದಾಗ ಅಕ್ಕಿಕಾಳ ಹಾಕಿಸೇ ಬಿಡ್ತಾಳ."

ದಾನೇಶ್ವರಿಯ ಕೈಯಲ್ಲಿದ್ದ ಮಾತ್ರೆಯ ಪಟ್ಟಿ ಕೆಳಗೆ ಬಿತ್ತು. ಎತ್ತಲಿಲ್ಲ. "ನೀ ಏನ್ ಅಂದಿ?"

"ನಾ ಏನ್ ಅನ್ಲಿ? ಮೊದಲ ಆ ಬಳಿ ತಗಸಿ ಬಾ. ಬಳಿ ಇಲ್ಲಂದ್ರ ಚಾಳದವರು ನಿನ್ನ ಹಿಡಕೊಂಡು ಏನ್ ಮಾಡ್ತಾರ? ಅವರs ಬಾಜಾ ಬಾರಿಸಿ ಕಳಸ್ತಾರ."

ಇವನು ಒಬ್ಬನೇ ಅವಳಿಗೆ ಉಳಿದ ಬಾಗಿಲು. ಇದು ಮುಚ್ಚಿದರೆ ಹತ್ತಿ ಚಾಳದಲ್ಲೇ ಮುದುಕಿಯಾಗಿ, ಸಾವಂತ್ರೆವ್ವನ ಪಕ್ಕದಲ್ಲೇ ಎಲೆ ಅಡಿಕೆ ಹಾಕಿಕೊಂಡು ಸಾಯಬೇಕು. ಮರುದಿನವೇ ರಜೆ ಹಾಕಿ ಧಾರವಾಡದ ಬಸ್ಸು ಹತ್ತಿದಳು.

ಜನಮಾಪನ ಕೇಂದ್ರದ ನಿಯಂತ್ರಣ ಕೊಠಡಿ ತಣ್ಣಗೆ, ಮದುವೆ ಮಂಟಪದಷ್ಟು ದೊಡ್ಡದಾಗಿತ್ತು. ಒಂದು ಇಡೀ ಗೋಡೆ ಜಿಲ್ಲೆಯ ನಕಾಶೆ. ವಾರ್ಡಿಗೊಂದು ದೀಪ, ಹಸಿರು, ಹಳದಿ, ಕೆಂಪು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ, 'ಅನ್ನ ಬೆಂದದ್ದು ನೋಡಲು ಒಂದು ಅಗುಳು ಸಾಕು.' ಅದರ ಕೆಳಗೆ ಕುಳಿತು ಬಸಿಯಲ್ಲಿ ಚಹಾ ಹೀರುತ್ತಿದ್ದವರು ಡಾಕ್ಟರ್ ಪ್ರಹ್ಲಾದ ಕಟ್ಟಿ, ಕೇಂದ್ರದ ಮುಖ್ಯ ಸಂಖ್ಯಾಶಾಸ್ತ್ರಜ್ಞರು. ಅವಳ ಬಳೆ ಕಂಡು ಮುಖ ಅರಳಿಸಿದರು.

"ಹತ್ತಿ ಚಾಳ! ಬರ್ರಿ ಬರ್ರಿ. ಹದಿನೈದು ವರ್ಷ ಆತು, ಒಂದು ಪ್ರಶ್ನಿ ತಪ್ಪಿಸಿಲ್ಲ ನೀವು. ನಿಮ್ಮಂಥಾ ಬಳಿ ಇಡೀ ಜಿಲ್ಹಾದಾಗ ಮತ್ತೊಂದಿಲ್ಲ."

"ಇದನ್ನ ತಗೀರಿ ಸರ್."

"ಏನು?"

"ಬಳಿ. ತಗೀರಿ. ಸಾಕಾಗೇತಿ ನನಗ."

ಕಟ್ಟಿಯವರು ಬಸಿ ಕೆಳಗಿಟ್ಟರು. "ಅದು ಮಾತ್ರ ಆಗೂದಿಲ್ಲವಾ. ಹಂಗs ಯಾರಿಗೆ ಸಾಕಾಗೇದೋ ಅವರನ್ನೆಲ್ಲಾ ಬಿಟ್ಟುಬಿಟ್ರ ಕಡೀಕ ನಮ್ಮ ಹತ್ತಿರ ಯಾರು ಉಳೀತಾರ ಹೇಳ್ರಿ? ಆರಾಮ ಇದ್ದವರು ಅಷ್ಟs. ಆಮ್ಯಾಲೆ ಗ್ವಾಡಿ ತುಂಬ ಹಸಿರು ದೀಪ, ನಾಡಿಗೆ ನಾಡೇ ಸುಖಾ ಅದ ಅಂತ ಬರೀಬೇಕಾಗ್ತದ. ಸಿಟ್ಟಿಗೆದ್ದವರು ಇರಬೇಕು. ಅವರು ಇದ್ರs ಅಳತಿ ಖರೆ."

ಮಾತು ಸರಿಯಾಗಿಯೇ ಇತ್ತು. ಅದಕ್ಕೇ ದಾನೇಶ್ವರಿಗೆ ಇನ್ನಷ್ಟು ಸಿಟ್ಟು ಬಂತು. "ನಿಮ್ಮ ಅಳತಿ ಖರೆ ಆಗಾಕ ನಾ ಹಡೀದs, ಲಗ್ನ ಆಗದs ಕೂಡಬೇಕೇನ್ರಿ?"

"ಲಗ್ನಕ್ಕ ಯಾರು ಬ್ಯಾಡ ಅಂದಾರ?" ಅವರು ನಿಜವಾಗಿಯೂ ಬೆರಗಾದರು. "ಮಾಡ್ಕೊಳ್ರಿ, ಹೋಗ್ರಿ. ಬಳಿ ನಿಮ್ಮ ಜೋಡಿ ಬರ್ತದ, ಹೊಸಾ ಓಣಿಯ ಲೆಕ್ಕಕ್ಕ ಸೇರ್ತದ. ಇತ್ತ ನಿಮ್ಮ ತವರುಮನಿಗೆ ಹೊಸಾ ಬಳಿ ಕೊಡ್ತೇವಿ, ಉಳಿದವರೊಳಗ ಒಬ್ಬರ ಕೈಗೆ. ಚಾಳದ ಲೆಕ್ಕ ಒಂದು ದಿನಾನೂ ನಿಲ್ಲೂದಿಲ್ಲ. ಇದನ್ನೆಲ್ಲಾ ನಿಮ್ಮ ಅಣ್ಣಾವರಿಗೆ ಹೇಳೀನಲ್ಲ?"

"ಅಣ್ಣಗs?"

"ಹೂಂ. ನಿಮ್ಮ ಮೊದಲನೇ ಸಂಬಂಧ ಬಂದಾಗ ಅವರs ಬಂದು ಕೇಳಿದ್ರು. ಹೊಸಾ ಬಳಿ ಯಾರ ಕೈಗೆ ಅಂದ್ರು. ನಿಮ್ಮ ಅಣ್ಣಾವರ ಕೈಗೇ ಅಂದೆ. ಆಮ್ಯಾಲೆ ಮತ್ತ ಈ ಕಡೆ ಬರಲೇ ಇಲ್ಲ ಅವರು."

ಚಾಳದವರು ದಡ್ಡರು, ಹೆದರಿಕೆಗೆ ಮಾಡಿದರು ಅನ್ನೋಣ. ಇವನು? ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು? ಮಂದಿ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರು ಇರುತ್ತಾರೆ, ಇವನು ತಂಗಿಯನ್ನೇ ತಳ್ಳಿ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದ. ಗೋಡೆಯ ಮೇಲೆ ಹತ್ತಿ ಚಾಳದ ದೀಪ ಕಣ್ಣು ಕುಕ್ಕುವ ಹಾಗೆ ಕೆಂಪಾಯಿತು. ಕಟ್ಟಿಯವರು ಅದನ್ನು ತಿರುಗಿ ನೋಡಿದರು.

"ಸಿಟ್ಟು ಮಾಡ್ಕೋಬ್ಯಾಡ್ರಿ," ಅಂದವರು ಕೂಡಲೇ ತಿದ್ದಿಕೊಂಡರು, "ಅಲ್ಲಲ್ಲ, ಮಾಡ್ಕೊಳ್ರಿ. ಬಂದದ್ದು ಬರ್ಲಿ. ಒಂದು ಮಾತು ಮಾತ್ರ ನೆನಪಿಡ್ರಿ. ಹೊಸಾ ಓಣಿಯೊಳಗ ಬಳಿ ಯಾರ ಕೈಯಾಗ ಅದ ಅಂತ ಯಾರಿಗೂ ತಿಳೀಬಾರದು. ಹತ್ತಿ ಚಾಳದಾಗ ನಾವು ಮಾಡಿದ ತಪ್ಪು ಅದs. ಅಳೀತಾರ ಅಂತ ಗೊತ್ತಾದ್ರ ಜನಾ ಜನಾ ಆಗಿ ಉಳಿಯೂದಿಲ್ಲ, ನಾಟಕ ಕಂಪನಿ ಆಗ್ತಾರ. ಉದ್ದ ತೋಳಿನ ಜಂಪರ ಹಾಕ್ಕೊಳ್ರಿ."

ಬಾಗಿಲ ತನಕ ಹೋದ ದಾನೇಶ್ವರಿ ಗೋಡೆಯ ಬರಹ ಓದಿ ನಿಂತಳು. "ಸರ್, ಅನ್ನ ನೋಡಾಕ ಒಂದು ಅಗಳು ಸಾಕು, ಖರೆ. ಆದ್ರ ಹಿಚುಕಿದ ಅಗಳನ್ನ ಹೊಳ್ಳಿ ಯಾರೂ ತಾಟಿಗೆ ಹಾಕಂಗಿಲ್ರಿ. ಬೆರಳಿಗೆ ಅಂಟಿದ್ದನ್ನ ಒರಸಿ ಒಗೀತಾರ."

ಕಟ್ಟಿಯವರು ಏನೋ ಹೇಳಲು ಬಾಯಿ ತೆರೆದರು. ಅವಳು ಕೇಳಿಸಿಕೊಳ್ಳಲು ನಿಲ್ಲಲಿಲ್ಲ.

ಬಸ್ ಸ್ಟ್ಯಾಂಡಿನಿಂದಲೇ ಶಿವಪುತ್ರನಿಗೆ ಫೋನು ಹಚ್ಚಿ ಎಲ್ಲವನ್ನೂ ಹೇಳಿದಳು. ಬಳೆ ತೆಗೆಯುವುದಿಲ್ಲ, ಜೊತೆಗೇ ಬರುತ್ತದೆ, ಆದರೆ ಹೋಗಲು ಯಾರ ಅಡ್ಡಿಯೂ ಇಲ್ಲ, ಯಾರಿಗೂ ಹೇಳಬಾರದು ಅಷ್ಟೇ. ಎರಡು ದಿನ ಬಿಟ್ಟು ಅವನ ಫೋನು ಬಂತು. ದನಿಯಲ್ಲಿ ಕುಣಿತವಿತ್ತು.

"ಅವ್ವ ಒಪ್ಪಿದ್ಳು! ಫಿಟ್ಸ್ ಇದ್ರ ಇರಲಿ, ಅಕಿನs ತರೂಣು ಅಂದ್ಳು. ಬಂಗಾರ ಬ್ಯಾಡ, ಭಾಂಡೆ ಸಾಮಾನು ಬ್ಯಾಡ, ಉಟ್ಟ ಸೀರಿ ಮ್ಯಾಲೆ ಬರ್ಲಿ ಅಂದ್ಳು."

ಇಳಕಲ್ಲಿನ ಹುಡುಗಿಯನ್ನು ಬಿಟ್ಟು ಅತ್ತೆ ಹೀಗೆ ದಿಢೀರನೆ ಯಾಕೆ ಕರಗಿದಳು ಅಂತ ಅವಳು ಕೇಳಲಿಲ್ಲ. ಖುಷಿಯಲ್ಲಿದ್ದವರು ಕೇಳುವುದಿಲ್ಲ. ಔಷಧಿ ಅಂಗಡಿಯ ಹಿಂದೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಪ್ರಶ್ನೆಯ ದಿನ ಸಂಜೆ ಚಾಳದ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ದಾನೇಶ್ವರಿಯನ್ನು ಕುರ್ಚಿಯಲ್ಲಿ ಕೂರಿಸಿ, ಹಣೆಗೆ ಕುಂಕುಮ ಹಚ್ಚಿ, ಉಡಿ ತುಂಬಿದರು. ಒಬ್ಬಳು ಬೀಸಣಿಗೆ ಬೀಸಿದಳು, ಇನ್ನೊಬ್ಬಳು ಪಾದ ಒತ್ತಲು ಬಂದಳು, ಇವಳು ಕಾಲು ಎಳೆದುಕೊಂಡಳು. ಬಸಲಿಂಗ ಮೈಕು ಹಿಡಿದು ಭಾಷಣ ಶುರುಮಾಡಿದ. ನನ್ನ ತಂಗಿ ಚಾಳದ ಮಗಳು, ಚಾಳಕ್ಕಾಗಿ ತನ್ನ ಸಂಸಾರವನ್ನೇ ತ್ಯಾಗ ಮಾಡಿದವಳು ಅಂದ. ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ. ದಾನೇಶ್ವರಿ ಎದ್ದು ಹೋಗಿ ಅವನ ಕೈಯಿಂದ ಮೈಕು ಕಿತ್ತುಕೊಂಡಳು.

"ತ್ಯಾಗ ಯಾರು ಮಾಡ್ಯಾರ? ನಾ ಮಾಡಿಲ್ಲ, ನೀವು ಮಾಡಿಸೀರಿ. ನಾ ಧಾರವಾಡಕ್ಕ ಹೋಗಿದ್ದೆ. ನಾ ಲಗ್ನ ಆಗಿ ಹೋದ್ರ ಚಾಳದ ಲೆಕ್ಕ ನಿಲ್ಲಂಗಿಲ್ಲಂತ. ಈ ಮನಿಗೆ ಹೊಸಾ ಬಳಿ ಬರತೈತಂತ, ನಮ್ಮಣ್ಣನ ಕೈಗೆ. ಇವಗ ಮೊದಲs ಗೊತ್ತಿತ್ತು. ತನ್ನ ಕೈಗೆ ಬರತೈತಿ ಅಂತ ನಿಮಗ ಸುಳ್ಳು ಹೇಳಿದ. ನೀವು ಬಸ್ ಸ್ಟಾಪಿನ್ಯಾಗ ನಿಂತು ನನಗ ಫಿಟ್ಸ್ ಹಚ್ಚಿದ್ರಿ!"

ಸಾವಂತ್ರೆವ್ವನ ಬಾಯಿ ಜಗಿಯುವುದನ್ನು ನಿಲ್ಲಿಸಿತು.

"ಖರೆ ಏನೋ ಬಸಲಿಂಗ?" ಅಂದಳು ಮುದುಕಿ.

ಬಸಲಿಂಗ ತಂಗಿಯನ್ನು ನೋಡಿದ, ಜನರನ್ನು ನೋಡಿದ, ಶಾಮಿಯಾನದ ಗೂಟ ನೋಡಿದ. "ಅಕಿಗೆ ರೂಢಿ ಆಗಿತ್ತಲ್ರೀ... ಸಣ್ಣಾಕಿದ್ದಾಗಿಂದ ಹಾಕ್ಕೊಂಡಾಳ. ನನಗ ಹೆಂಗ್ ಆಗಬೇಕು ಅದು? ಹೆಂಡ್ತಿ ಮಕ್ಕಳು ಇದ್ದಾಂವ ನಾನು."

ಅಷ್ಟರಲ್ಲಿ ಬಳೆ ಟಿಂಗ್ ಅಂತು. ಒಳಗಿನಿಂದ ಹೆಣ್ಣು ದನಿಯೊಂದು ಪಾಠ ಒಪ್ಪಿಸುವ ಹಾಗೆ ಕೇಳಿತು: "ನಿಮ್ಮ ನೆರೆಹೊರೆಯ ಜನರನ್ನು ನಂಬಬಹುದು ಎಂದು ನಿಮಗೆ ಅನ್ನಿಸುತ್ತದೆಯೇ?"

ಮೈಕು ಇನ್ನೂ ಅವಳ ಕೈಯಲ್ಲೇ ಇತ್ತು. ಪ್ರಶ್ನೆ ಇಡೀ ಚಾಳಕ್ಕೆ ಕೇಳಿಸಿತು. ಎಲ್ಲರ ಕಣ್ಣೂ ಮಣಿಯ ಮೇಲೆ. ದಾನೇಶ್ವರಿ ಬಾಯಿಂದ ಹೇಳುವ ಅಗತ್ಯವೇ ಇರಲಿಲ್ಲ. ಮಣಿ ಕೆಂಪಾಯಿತು, ಇನ್ನೂ ಕೆಂಪಾಯಿತು, ಅವಳ ಹಸಿರು ಸೀರೆಯ ಮೇಲೆಲ್ಲ ಕೆಂಪು ಬೆಳಕು ಚೆಲ್ಲಿತು. ಹನ್ನೊಂದು ಸಾವಿರ ಜನರ ಉತ್ತರ ಧಾರವಾಡಕ್ಕೆ ಹೋಯಿತು.

"ಹೋತು," ಅಂದ ಯಾರೋ. "ಈ ವರ್ಷಾನೂ ಹೋತು."

ಇನ್ನೊಂದು ಚೌಕಿ ಬರಲಿ, ಹತ್ತು ಚೌಕಿ ಬರಲಿ, ಅವಳಿಗೆ ಅಯ್ಯೋ ಅನ್ನಿಸಲಿಲ್ಲ. ಉಡಿಯ ಅಕ್ಕಿಯನ್ನು ಅಲ್ಲೇ ಕುರ್ಚಿಯ ಮೇಲೆ ಸುರಿದು ಒಳಗೆ ಹೋಗಿ ಬಟ್ಟೆ ಕಟ್ಟಿಕೊಂಡಳು. ಹೊರಗೆ ಜನ ಬಸಲಿಂಗನ ಸುತ್ತ ಸೇರಿದ್ದರು. ಹೊಡೆಯುತ್ತಾರೇನೋ ಅಂತ ವೈನಿ, ಅವನ ಹೆಂಡತಿ, ಕಿಟಕಿಯಲ್ಲಿ ನಿಂತು ಇಣುಕುತ್ತಿದ್ದಳು. ಹೊಡೆಯಲಿಲ್ಲ. ಸಾವಂತ್ರೆವ್ವ ಅವನ ಎಡಗೈ ಹಿಡಿದು, ಮೇಲೆ ಕೆಳಗೆ ತಿರುವಿ, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ನೋಡುತ್ತಿದ್ದಳು.

"ಇನ್ನ ಮ್ಯಾಲೆ ಊರು ಬಿಟ್ಟು ಎಲ್ಲೂ ಹೋಗಬ್ಯಾಡಪ್ಪಾ ನನ ಬಂಗಾರಾ," ಅನ್ನುತ್ತಿದ್ದಳು ಮುದುಕಿ. "ನಾಳಿ ಹೋಳಿಗಿ ತರ್ತೀನಿ. ತುಪ್ಪ ಸುರೀತೀನಿ."

ಬಸಲಿಂಗನ ಮುಖ ನೋಡಿ ದಾನೇಶ್ವರಿಗೆ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಬೇಕು, ಆಯಿತು.

ಶ್ರಾವಣದಲ್ಲೇ ಮದುವೆಯಾಯಿತು. ಬಾಗಲಕೋಟೆಯ ಹೊಸ ಬಡಾವಣೆಯಲ್ಲಿ, ಇನ್ನೂ ಯಾರ ಕೈಗೂ ಬಳೆ ಬಿದ್ದಿರದ ಕಡೆ, ಎರಡು ಖೋಲಿಯ ಮನೆ. ದಾನೇಶ್ವರಿ ಬಿಸಿಲಲ್ಲೂ ಉದ್ದ ತೋಳಿನ ಜಂಪರು ತೊಟ್ಟಳು. ಪಕ್ಕದ ಮನೆಯವಳು ಮೊದಲ ದಿನವೇ ಕಸದ ಬುಟ್ಟಿ ಇಟ್ಟ ಜಾಗಕ್ಕೆ ಜಗಳ ತೆಗೆದಳು. ಎದುರು ಮನೆಯವಳು ತಿರುಗಿಯೂ ನೋಡಲಿಲ್ಲ. ಆಹಾ, ಎಷ್ಟು ಹಿತವಾಗಿತ್ತು! ಬಳೆ ನೋಡಿ ಅಲ್ಲ, ಇವಳನ್ನು ಇವಳು ಅಂತ ಬೈಯುವವರು, ಇವಳನ್ನು ಇವಳು ಅಂತ ಬಿಡುವವರು. ಕಸದ ಬುಟ್ಟಿ ಸರಿಸಿಟ್ಟ ಮೇಲೆ ಆ ಪಕ್ಕದ ಮನೆಯವಳೇ ಒಂದು ಹಿಡಿ ಕರಿಬೇವು ಕೊಟ್ಟಳು. ಅವತ್ತು ತೋಳು ಸರಿಸಿ ನೋಡಿದರೆ ಮಣಿ ಹಸಿರಾಗಿತ್ತು. ಎಳೆ ಜೋಳದ ಗರಿಯ ಹಸಿರು. ಶಿವಪುತ್ರನನ್ನು ಕರೆದು ತೋರಿಸಿದಳು. ಅವನು ನೋಡಿದ, ನಕ್ಕ, ಯಾಕೋ ಬೇಗ ಮುಖ ತಿರುಗಿಸಿದ.

ಮುಂದಿನ ಸೋಮವಾರ ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಹೊರಗೆ ಗದ್ದಲ ಕೇಳಿಸಿತು. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

ಓಣಿಗೆ ಓಣಿಯೇ ನಿಂತಿತ್ತು. ಎದುರು ಮನೆಯವಳು, ಅವಳ ಹಿಂದೆ ಹೆಸರೂ ಗೊತ್ತಿರದ ಹತ್ತಾರು ಹೆಂಗಸರು. ಎಲ್ಲರ ಕೈಯಲ್ಲೂ ತಾಟು, ಎಲ್ಲರ ಮುಖದಲ್ಲೂ ಒಂದೇ ನಗು. ಮುಂದೆ ಕರಿಬೇವಿನವಳು ಹೋಳಿಗೆ ಹಿಡಿದು ನಿಂತಿದ್ದಳು. ಅತ್ತೆ ಗುರುಬಸವ್ವ ಮೆಟ್ಟಿಲ ಮೇಲೆ ನಿಂತು, "ಸಾಲಾಗಿ ಬರ್ರಿ, ನೂಕಬ್ಯಾಡ್ರಿ," ಅನ್ನುತ್ತಿದ್ದಳು. ಅವಳ ಹೆಗಲ ಮೇಲೆ ಹೊಸ ಶಾಲು. ಓಣಿಯ ಕಮಿಟಿಯವರು ಹೊದಿಸಿದ್ದು.

ದಾನೇಶ್ವರಿ ತಿರುಗಿ ಗಂಡನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ.

"ಅವ್ವನ್ನ ಒಪ್ಪಸಾಕ ಹೇಳಿದ್ದೆ," ಅಂದ. "ಬಳಿ ಬರತೈತಿ ಅಂದ ಮ್ಯಾಲೇನs ಅಕಿ ಹೂಂ ಅಂದಿದ್ದು. ಇಲ್ಲಂದ್ರ ನೀ ನನಗ ಸಿಗ್ತಿದ್ದಿಲ್ಲ ದಾನಿ."

ಕರಿಬೇವಿನವಳು ತಾಟು ಮುಂದೆ ಚಾಚಿದಳು. "ಅವತ್ತು ಬುಟ್ಟಿ ಸಲುವಾಗಿ ಬೈದಿದ್ದು ಮನಸಿನ್ಯಾಗ ಇಟ್ಕೋಬ್ಯಾಡ್ರಿ ಅಕ್ಕಾರ. ತಿನ್ರಿ, ತುಪ್ಪ ಸುರದೀನಿ." ಅವಳ ಕಣ್ಣು ಮಾತ್ರ ದಾನೇಶ್ವರಿಯ ಮುಖದ ಮೇಲಿರಲಿಲ್ಲ, ತೋಳಿನ ಮೇಲಿತ್ತು.

ಜಂಪರಿನ ಬಟ್ಟೆಯ ಒಳಗಿನಿಂದಲೇ ಮಣಿ ಕೆಂಪಗೆ ಕಾಣತೊಡಗಿತು. ಸಾಲಿನಲ್ಲಿ ಗುಸುಗುಸು ಎದ್ದಿತು. ಗುರುಬಸವ್ವ ಸೊಸೆಯ ಕಿವಿಯ ಹತ್ತಿರ ಬಗ್ಗಿ, ಹಲ್ಲು ಕಚ್ಚಿ ಹೇಳಿದಳು.

"ಸ್ವಲ್ಪ ನಗವ್ವಾ. ಓಣಿ ಮಂದಿ ನೋಡಾಕತ್ತಾರ."